ಒಬ್ಬಾಂವನ ಸ್ಕೂಬಾ ಇಳೀತೀನಿ ಅಂದ ಹುಬ್ಬಳ್ಳಿ ದೋಸ್ತ: ಒಂದು ಪ್ರಕರಣದ ಪೂರಾ ಲೆಕ್ಕ

ಪ್ರಕರಣ ಹಿಂಗೈತಿ ನೋಡ್ರಿ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಾಂವ ಒಬ್ಬ ನನ್ನ ದೋಸ್ತ, ವಯಸ್ಸು 46, ಬಿಪಿಗೆ ದಿನಾ ಮುಂಜಾನೆ ಒಂದು ಗುಳಿಗಿ, ಸಣ್ಣಾಂವಿದ್ದಾಗ ಕುಂದಗೋಳ ಕಡೆ ಹೊಲದ ಬಾವ್ಯಾಗ ಬೆನ್ನಿಗೆ ಒಣಾ ಕುಂಬಳಬುರುಡಿ ಕಟ್ಕೊಂಡು ಈಸು ಕಲತಾಂವ. ಹೆಸರು ಬ್ಯಾಡ, ದೋಸ್ತ ಅಂತನ ಕರೀತೀನಿ. ಸ್ಕೂಬಾದಾಗ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ನೀರಾಗ ಮುಣಗೂದು) ಓಪನ್ ವಾಟರ್, ಅಡ್ವಾನ್ಸ್ಡ್ ಅಂತ ಮದಲಿನ ಎರಡೂ ಹಂತದ ಕಾರ್ಡ್ ಅದಾವು, ಮುರ್ಡೇಶ್ವರದ ಹತ್ರದ ನೇತ್ರಾಣಿ ನಡುಗಡ್ಡಿ, ಅಂಡಮಾನ್ ಎಲ್ಲಾ ಸೇರಿ ಲಾಗ್‌ಬುಕ್‌ನ್ಯಾಗ ನೂರರ ಮ್ಯಾಲೆ ಡೈವ್ ಬರದಾನ, ಸೆಕೆಂಡ್ ಹ್ಯಾಂಡ್‌ನ್ಯಾಗ ಸ್ವಂತ ಸಿಲಿಂಡರ್, ರೆಗ್ಯುಲೇಟರ್ (ಸಿಲಿಂಡರ್ ಗಾಳಿ ಬಾಯಿಗೆ ಕೊಡೂದು), ಬಿಸಿಡಿ ಜಾಕೆಟ್ (ಗಾಳಿ ತುಂಬಿ ತೇಲಾಕ, ಬಿಟ್ಟು ಮುಣಗಾಕ) ತಗೊಂಡಾನ. ಈಗ ಅಂವಗ ಒಬ್ಬನ ಇಳೀಬೇಕಾಗೇತಿ. ಎರಡು ಪ್ಲ್ಯಾನ್ ಮಾಡ್ಯಾನ, ಒಂದು ನೇತ್ರಾಣಿಗೆ ಎಲ್ಲಾರ ಕೂಡ ಬೋಟ್‌ನ್ಯಾಗ ಹೋಗೂದು ಆದ್ರ ನೀರಾಗ ಬ್ಯಾರೆ ಆಗಿ ಕ್ಯಾಮೆರಾ ಹಿಡ್ಕೊಂಡು ತನ್ನ ಪಾಡಿಗೆ ತಾನು ಇರೂದು, ಇನ್ನೊಂದು ಊರ ಹತ್ರ ನೀರು ತುಂಬಿದ ಹಳೇ ಕಲ್ಲಿನ ಕ್ವಾರಿಯೊಳಗ ರವಿವಾರ ಮುಂಜಾನೆ ಹೋಗಿ ಪ್ರಾಕ್ಟೀಸ್ ಮಾಡಿ ಬರೂದು. ನಾನೂ ನೀರಿಗಿಳಿಯೋ ಮನಶ್ಯಾ ಅಂತ ನನ್ನ ಮುಂದ ಇಟ್ಟ, ರಿಸ್ಕ್ ಎಷ್ಟು, ಲಾಭ ಎಷ್ಟು, ಸುಮ್ನ ಹೆದರಸಬ್ಯಾಡ, ಲೆಕ್ಕ ಹಾಕಿ ಹೇಳು ಅಂದ.

ಮದ್ಲ ಲಾಭದ ಮಾತು, ಯಾಕಂದ್ರ ಒಬ್ಬನ ಹೋಗ್ತೀನಿ ಅಂದಾರಿಗೆ ಎಲ್ಲಾರೂ ಹುಚ್ಚ ಅಂತಾರ, ಅಂವ ಹುಚ್ಚ ಅಲ್ಲ. ಅಂವಗ ಬೇಕಾಗಿರೂದು ನುಡಿಬ್ರ್ಯಾಂಕ್ ಫೋಟೋ. ಬೆರಳಷ್ಟ ಇರೋ, ಚಿಪ್ಪಿಲ್ಲದ ಬಣ್ಣಬಣ್ಣದ ಸಮುದ್ರದ ಬಸವನಹುಳ ಅದು, ಕಲ್ಲಿನ ಸಂದ್ಯಾಗ ಹರದಾಡ್ತಿರ್ತೈತಿ, ಒಂದು ಛಲೋ ಫೋಟೋ ಬೇಕಂದ್ರ ಒಂದ ಕಲ್ಲಿನ ಮುಂದ ಹದಿನೈದಿಪ್ಪತ್ತು ನಿಮಿಷ ಅಲ್ಲಾಡದ ನಿಲ್ಲಬೇಕು. ಗ್ರೂಪ್‌ನ್ಯಾಗ ಅದು ಆಗೂದಿಲ್ಲ. ಗೈಡ್ ಮುಂದ ಹೋಗ್ತಾನ, ಹಿಂದಿನಾಂವ ಫಿನ್ (ಕಾಲಿಗೆ ಹಾಕ್ಕೊಳ್ಳೋ ರೆಕ್ಕಿ) ಬಡದು ರಾಡಿ ಎಬ್ಬಸ್ತಾನ, ಮುಂಜಾನೆ ಬೋಟ್‌ನ್ಯಾಗ ಪರಿಚಯ ಆದ ಯಾರೋ ಒಬ್ಬಾಂವ ಬಡ್ಡಿ (ನೀರಾಗ ಒಬ್ಬರನ್ನೊಬ್ಬರು ನೋಡ್ಕೊಳ್ಳೋ ಜೋಡಿ, ಸಾಲದ ಬಡ್ಡಿ ಅಲ್ಲ) ಆಗಿರ್ತಾನ, ಅಂವ ಹೊಸಬ, ಗಾಬ್ರಿಯಿಂದ ಗಾಳಿ ಬಡಬಡ ಎಳದು ಇಪ್ಪತ್ತೈದು ನಿಮಿಷಕ್ಕ ಮ್ಯಾಲೆ ಹೋಗೋ ಗೆರಿ 50 ಬಾರ್‌ಗೆ (ಬಾರ್ ಅಂದ್ರ ಒತ್ತಡದ ಅಳತಿ) ಬಂದ್ ಬಿಡ್ತಾನ, ಅಂವ ಮ್ಯಾಲೆ ಹೋದ್ರ ಇವನೂ ಹೋಗಬೇಕು, ಸಿಲಿಂಡರ್‌ನ್ಯಾಗ ಅರ್ಧ ಗಾಳಿ ಉಳದಿರ್ತೈತಿ. ಹುಬ್ಬಳ್ಳಿಯಿಂದ 200 ಕಿಲೋಮೀಟರ್ ಹತ್ರ ಗಾಡಿ ಹೊಡ್ಕೊಂಡು ಮುರ್ಡೇಶ್ವರಕ್ಕ ಹೋಗಿ, ಅಲ್ಲಿಂದ ತಾಸುಗಟ್ಲೆ ಬೋಟ್‌ನ್ಯಾಗ ಕುಂತು ವಾಂತಿ ಮಾಡೋರನ್ನೆಲ್ಲಾ ನೋಡ್ಕೊಂಡು ಹೋದಾಂವಗ ಇದು ಹೊಟ್ಟಿ ಉರಿಯೋ ಮಾತ. ಇನ್ನೊಂದು ಲಾಭ ಐತಿ, ಬಡ್ಡಿ ಇದ್ರ ಅಂವ ನೋಡ್ಕೊಂತಾನ ಅಂತ ನಾವು ಸಡಲ ಆಗ್ತೀವಿ, ಗೇಜ್ ನೋಡೂದು ಮರೀತೀವಿ, ಒಬ್ಬನ ಹೋಗಾಂವ ಹಂಗ ಮರಿಯಾಂಗಿಲ್ಲ. ಇದನ್ನ ನಾನು ಒಪ್ಪಿದೆ.

ಬಡ್ಡಿ ಅನ್ನೂದ ಎಷ್ಟೋ ಸಲ ಬರೇ ಹೆಸರಿಗೆ ಅನ್ನೂದೂ ಖರೆ. ಹತ್ತು ಮೀಟರ್ ದೂರ ಬೆನ್ನು ತಿರುಗಿಸಿಕೊಂಡು ಗೋಪ್ರೋ ಹಿಡ್ಕೊಂಡಾಂವ ನಿಮ್ಮ ಬಡ್ಡಿ ಅಲ್ಲ, ಅದ ಸಮುದ್ರದಾಗ ಅದ ಟೈಮಿಗೆ ಇದ್ದ ಇನ್ನೊಬ್ಬಾಂವ ಅಷ್ಟ. ದೋಸ್ತ ಇದನ್ನ ಹಿಡ್ಕೊಂಡ ವಾದ ಮಾಡಿದ, ನಾನು ಈಗೂ ಒಬ್ಬನ ಇರ್ತೀನಿ, ಕಾಗದದ ಮ್ಯಾಲೆ ಇಬ್ಬರು ಅಂತ ಬರೀತಾರ, ಅದಕ್ಕಿಂತ ಒಬ್ಬನ ಅಂತ ಒಪ್ಕೊಂಡು ಅದಕ್ಕ ತಕ್ಕ ತಯಾರಿ ಮಾಡ್ಕೊಳ್ಳೂದ ಛಲೋ ಅಲ್ಲ? ಡೈವಿಂಗ್ ಜಗತ್ತಿನ್ಯಾಗೂ ಇದ ಮಾತು ಎದ್ದು ಕಡೀಕೆ ಎಸ್‌ಡಿಐ ಅನ್ನೋ ಡೈವಿಂಗ್ ಕಲಸೋ ಸಂಸ್ಥೆ 1999ರಾಗ ಸೋಲೋ ಡೈವರ್ ಅಂತ ಕೋರ್ಸ್ ತಂತು, 21 ವಯಸ್ಸಾಗಿರಬೇಕು, 100 ಡೈವ್ ಆಗಿರಬೇಕು ಅಂತ. ಅಂಥಾದ ಇನ್ನೊಂದು ಸಂಸ್ಥೆ ಪ್ಯಾಡಿಯವ್ರದೂ ಸೆಲ್ಫ್ ರಿಲಯಂಟ್ ಡೈವರ್ ಅಂತ ಐತಿ, ಅದಕ್ಕೂ 100 ಡೈವ್ ಬೇಕು. ಅಂದ್ರ ಒಬ್ಬನ ಇಳಿಯೂದು ಬರೇ ಮೂರ್ಖತನ ಅಂತ ಈಗ ಡೈವಿಂಗ್ ಸಂಸ್ಥೆ ಎಲ್ಲಾವೂ ಹೇಳೂದಿಲ್ಲ, ಆದ್ರ ಕಾರ್ಡ್ ಇದ್ರೂ ಬೋಟ್‌ನಾಂವ ಬ್ಯಾಡ ಅಂದ್ರ ಬ್ಯಾಡನ, ಅದು ಅಂವನ ಬೋಟು.

ಈಗ ರಿಸ್ಕ್. ದೋಸ್ತ ಮೆಕ್ಯಾನಿಕ್ ಮನಶ್ಯಾ, ಅಂವಗ ಲೆಕ್ಕದಾಗ ಹೇಳಿದ್ರ ತಲಿಗೆ ಹೋಗ್ತೈತಿ, ಅದಕ್ಕ ಅಂಗಡ್ಯಾಗ ಬಿಲ್ ಬುಕ್ ಹಿಂದ ಪೆನ್ನಿನಲೆ ಬರದು ತೋರಿಸಿದೆ. ನೀರಾಗ ಹತ್ತು ಮೀಟರ್‌ಗೊಂದು ವಾತಾವರಣದ ಒತ್ತಡ ಕೂಡ್ಕೊಂತ ಹೋಗ್ತೈತಿ, ಮ್ಯಾಲೆ 1 ಬಾರ್, 10 ಮೀಟರ್‌ಗೆ 2, 18 ಮೀಟರ್‌ಗೆ 2.8, 30 ಮೀಟರ್‌ಗೆ 4. ಮ್ಯಾಲೆ ನಿಮಿಷಕ್ಕ 20 ಲೀಟರ್ ಗಾಳಿ ಉಸರಾಡಾಂವಗ 18 ಮೀಟರ್‌ನ್ಯಾಗ 56 ಲೀಟರ್ ಬೇಕು, ಅದೂ ತಣ್ಣಗ ಇದ್ರ. ಗಾಬ್ರಿ ಆದ್ರ ಡಬಲ್. ಹಂಗಾರ ಕೆಳಗ ರೆಗ್ಯುಲೇಟರ್ ಕೆಟ್ಟು ಗಾಳಿ ಬಂದ್ ಆತು ಅಂತ ಇಟ್ಕೋರಿ, ಬಡ್ಡಿ ಇದ್ರ ಅಂವನ ಆಕ್ಟೋಪಸ್ (ಇನ್ನೊಬ್ಬರಿಗೆ ಅಂತ ಇರೋ ಎರಡನೇ ಬಾಯಿತುಂಡು) ಬಾಯಾಗ ಇಟ್ಕೊಂಡು ಮ್ಯಾಲೆ ಬರಬಹುದು, ಒಬ್ಬನ ಇದ್ರ ಬಗಲಿಗೆ ಬ್ಯಾರೆ ಸಣ್ಣ ಸಿಲಿಂಡರ್, ಅದಕ್ಕ ಬ್ಯಾರೆ ರೆಗ್ಯುಲೇಟರ್ ಇರಬೇಕು, ಅದಕ್ಕ ಪೋನಿ ಬಾಟಲ್ ಅಂತಾರ.

ಪೋನಿ 3 ಲೀಟರ್‌ದು, 200 ಬಾರ್ ತುಂಬಿದ್ರ 600 ಲೀಟರ್ ಗಾಳಿ. 18 ಮೀಟರ್‌ನ್ಯಾಗ ಗಾಬ್ರಿಯಾಗಿ, ನೀರಿನ ಮ್ಯಾಲಿನ ಲೆಕ್ಕದಾಗ ನಿಮಿಷಕ್ಕ 40 ಲೀಟರ್ ಎಳೀತಾನ ಅಂತ ಹಿಡಿರಿ. ಪೋನಿ ಹುಡುಕಿ ಬಾಯಿಗೆ ಹಾಕ್ಕೊಂಡು ಸುಧಾರಿಸ್ಕೊಳ್ಳಾಕ ಒಂದು ನಿಮಿಷ, 112 ಲೀಟರ್ ಹೋತು. ನಿಮಿಷಕ್ಕ 9 ಮೀಟರ್‌ನಂಗ ಮ್ಯಾಲೆ ಬರಾಕ ಎರಡು ನಿಮಿಷ, ಸರಾಸರಿ ಒತ್ತಡ 1.9, ಅದು 152 ಲೀಟರ್. 5 ಮೀಟರ್‌ನ್ಯಾಗ ಮೂರು ನಿಮಿಷ ಸೇಫ್ಟಿ ಸ್ಟಾಪ್ (ಮೈಯಾಗಿನ ನೈಟ್ರೋಜನ್ ಹೊರಗ ಹೋಗಲಿ ಅಂತ ನಿಲ್ಲೂದು), 180 ಲೀಟರ್. ಎಲ್ಲಾ ಕೂಡಿ 444, ಇನ್ನೂ 150ರ ಮ್ಯಾಲೆ ಉಳೀತು. ಅದ ಲೆಕ್ಕಾನ 30 ಮೀಟರ್‌ಗೆ ಹಾಕಿದ್ರ ಮದಲಿನ ನಿಮಿಷಕ್ಕ 160, ಮ್ಯಾಲೆ ಬರಾಕ 330ರ ಹತ್ರ, ಸ್ಟಾಪ್‌ಗೆ ಮತ್ತ 180, ಒಟ್ಟು 670, ಇರೂದು 600. ಸೇಫ್ಟಿ ಸ್ಟಾಪ್ ಬಿಟ್ಟು ಬರಬಹುದು ಅನ್ನಬಹುದು, ಖರೆ, ಆದ್ರ ಮಾರ್ಜಿನ್ ಇಲ್ಲದ ಜಾಗಾದಾಗ ಒಬ್ಬನ ಯಾಕ ಇರಬೇಕು? ಅದಕ್ಕ ಆ ಬಾಟಲಿಗೆ 18 ಮೀಟರ್ ಗೆರಿ, ಅದರ ಕೆಳಗ ಇಲ್ಲ. ದೋಸ್ತ ಇನ್ನೊಂದು ತೋರಿಸಿದ, ಆನ್‌ಲೈನ್‌ನ್ಯಾಗ ನೋಡಿದ್ದು, ಸ್ಪೇರ್ ಏರ್ ಅಂತ ಬಾಟಲಿಗಿಂತ ಚೂರು ದೊಡ್ಡದು, ಜಾಕೆಟ್‌ಗೆ ಸಿಗಿಸಿಕೊಳ್ಳೂದು, ನೋಡಾಕ ಭಾಳ ಅಂದ. ಅದರ ದೊಡ್ಡ ಮಾಡೆಲ್‌ನ್ಯಾಗ ಇರೂದು 85 ಲೀಟರ್ ಗಾಳಿ. ಅದ ಗಾಬ್ರಿ ಲೆಕ್ಕದಾಗ 18 ಮೀಟರ್‌ನ್ಯಾಗ ಮುಕ್ಕಾಲು ನಿಮಿಷ. ಅದನ್ನ ನಂಬಿ ಒಬ್ಬನ ಇಳದ್ರ ಧೈರ್ಯ ಬರ್ತೈತಿ, ಗಾಳಿ ಬರಾಂಗಿಲ್ಲ.

(ನಡುವ ಒಂದು ಮಾತು. ಊರಾಗ ಎಲ್ಲಾರೂ ಆಕ್ಸಿಜನ್ ಸಿಲಿಂಡರ್ ಅಂತಾರ, ಅಂಗಡಿ ಹುಡುಗನೂ ಹಂಗ ಅಂದ. ಅದರಾಗ ಇರೂದು ನಾವು ಉಸರಾಡೋ ಸಾದಾ ಗಾಳಿ, ಸೋಸಿ ಒಣಗಿಸಿ ತುಂಬಿದ್ದು. ಬರೇ ಆಕ್ಸಿಜನ್ ತುಂಬಿ ಇಳದ್ರ 6 ಮೀಟರ್ ದಾಟಿದ ಮ್ಯಾಲೆ ಅದ ವಿಷ ಆಗಿ ಫಿಟ್ಸ್ ಬರಬಹುದು. ನಮ್ಮ ಅಂಗಡ್ಯಾಗ ಕಂಪ್ರೆಸರ್ ಐತಲ್ಲ ಅಂತ ಆ ಹುಡುಗ ಅಂದಾಗ ದೋಸ್ತನ ಬೈದ, ಅದು ಹತ್ತು ಬಾರ್ ಆದ್ರ ದೊಡ್ಡದು, ಮ್ಯಾಲೆ ಎಣ್ಣಿ ಹೊಗಿ, ಕಾರ್ಬನ್ ಮಾನಾಕ್ಸೈಡ್ ಬ್ಯಾರೆ.)

ಪೋನಿ, ಕೈಗೆ ಕಟ್ಕೊಂಡು ಆಳ, ಟೈಮ್ ಲೆಕ್ಕ ನೋಡೋ ಎರಡು ಡೈವ್ ಕಂಪ್ಯೂಟರ್, ಎರಡು ಕಡೆ ಕತ್ತರಿ ಇಲ್ಲಾ ಚಾಕು, ಇನ್ನೊಂದು ಮಾಸ್ಕ್, ಮ್ಯಾಲೆ ಬರೂಮುಂದ ಬಿಡಾಕ ಕೇಸರಿ ಮಾರ್ಕರ್ ಬಲೂನು, ಸೀಟಿ. ಇವಿಷ್ಟೂ ಸೇರಿದ್ರ ಸಾಮಾನು ಕೈಕೊಡೋ ರಿಸ್ಕ್ ಭಾಳ ಕಮ್ಮಿ ಆಗ್ತೈತಿ, ಇದನ್ನ ನಾನು ಕಡಿಮಿ ಮಾಡಿ ಹೇಳಾಕಿಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನೋ ಡೈವರ್‌ಗಳ ಸುರಕ್ಷತಾ ಸಂಸ್ಥೆಯವ್ರು 1992ರಿಂದ 2003ರ ತನಕ ಸತ್ತ 947 ಡೈವರ್‌ಗಳ ದಾಖಲೆ ಕೂಡಿಸಿ 2008ರಾಗ ಒಂದು ಅಧ್ಯಯನ ತಂದ್ರು, ಸಾವಿಗೆ ಮದಲಿನ ಎಡವಟ್ಟು ಯಾವುದು ಅಂತ ಗೊತ್ತಾದ ಕೇಸ್‌ಗಳೊಳಗ 41% ಗಾಳಿ ಸಾಲದ್ದು, 20% ಸಿಕ್ಕಿಹಾಕ್ಕೊಂಡಿದ್ದು, 15% ಸಾಮಾನಿನ ತೊಂದ್ರಿ. ದೋಸ್ತ ಇದನ್ನ ನೋಡಿ ಖುಷಿಯಾದ, ನೋಡು ಮೂರಕ್ಕೂ ನನ್ನ ಹತ್ರ ಇಲಾಜ್ ಐತಿ ಅಂದ. ಅದ ಅಧ್ಯಯನದ ಇನ್ನೊಂದು ಪಟ್ಟಿ ಐತಿ, ಕಡೀಕೆ ದೇಹಕ್ಕ ಏನಾತು ಅನ್ನೂದು: ಉಸರುಗಟ್ಟಿದ್ದು 33%, ಪುಪ್ಪುಸ ಹರದು ಗಾಳಿ ರಕ್ತಕ್ಕ ಸೇರಿದ್ದು 29%, ಹೃದಯದ್ದು 26%. ಎರಡೂ ಬ್ಯಾರೆ ಬ್ಯಾರೆ ಲೆಕ್ಕ, ಒಂದಕ್ಕೊಂದು ಕೂಡಿಸಬ್ಯಾಡ್ರಿ, ಆದ್ರ ಆ 26ರ ಮುಂದ ದೋಸ್ತ ಸುಮ್ಮಾದ.

ಯಾಕಂದ್ರ ಬಿಪಿ ಗುಳಿಗಿ. ನೀರಾಗ ಇಳದ ಕೂಡ್ಲೆ ಕೈಕಾಲಾಗಿನ ರಕ್ತ ಎದಿ ಕಡೆ ಸರೀತೈತಿ, ಅರ್ಧ ಲೀಟರ್‌ಗಿಂತ ಜಾಸ್ತಿನ, ಹೃದಯಕ್ಕ ಒಮ್ಮಿಲೆ ಲೋಡ್ ಬೀಳ್ತೈತಿ, ಥಂಡಿ ನೀರು ಇದ್ರ, ಸೆಳವಿನ ಎದುರು ಫಿನ್ ಹೊಡಿಯೂದಿದ್ರ ಇನ್ನೂ ಜಾಸ್ತಿ. ಕೆಲವರಿಗೆ ಪುಪ್ಪುಸದಾಗ ನೀರು ಒಸರಾಕ ಹತ್ತತೈತಿ, ಹೊರಗಿನ ನೀರಲ್ಲ, ಸ್ವಂತ ರಕ್ತದ ನೀರ, ಇಮರ್ಷನ್ ಪಲ್ಮನರಿ ಎಡಿಮಾ ಅಂತಾರ, ಬಿಪಿ ಇದ್ದಾರಿಗೆ ಇದು ಜಾಸ್ತಿ ಅಂತ ಡೈವಿಂಗ್ ಡಾಕ್ಟರ್‌ಗಳು ಹೇಳ್ತಾರ. ಲಕ್ಷಣ ಏನಂದ್ರ ಕೆಮ್ಮು, ದಮ್ಮು, ಬಾಯಾಗ ನೊರಿ. ಕೆಳಗಿದ್ದಾಂವಗ ಅನಸೂದು ಏನು, ರೆಗ್ಯುಲೇಟರ್ ಕೆಟ್ಟೈತಿ, ಗಾಳಿ ಸಾಲವಲ್ದು! ಪೋನಿ ತಗದು ಬಾಯಾಗ ಇಟ್ಕೊಂತಾನ, ಅದರಾಗೂ ಗಾಳಿ ಸಾಲೂದಿಲ್ಲ ಅನಸ್ತೈತಿ, ಯಾಕಂದ್ರ ತಪ್ಪು ಬಾಟಲ್ಯಾಗಿಲ್ಲ.

ನಾನು ಅಂವಗ ಹೇಳಿದ್ದು ಇಷ್ಟ. ಪೋನಿ ಬಾಟಲ್ ಅಂದ್ರ ಗಾಡಿಯ ಸ್ಟೆಪ್ನಿ, ಟೈರ್ ಪಂಚರ್ ಆದ್ರ ಬದಲಾಯಿಸಬಹುದು, ಡ್ರೈವರ್‌ಗ ಚಕ್ಕರ್ ಬಂದ್ರ ಡಿಕ್ಕ್ಯಾಗ ನಾಕು ಸ್ಟೆಪ್ನಿ ಇದ್ರೂ ಏನು ಉಪಯೋಗ. ಒಬ್ಬನ ಇಳಿಯೋ ರಿಸ್ಕ್ ಅಂತ ಒಂದ ರಾಶಿ ಮಾಡಿ ಅಳೆಯೂದ ತಪ್ಪು, ಅದು ಎರಡು ರಾಶಿ. ಒಂದು ಸಾಮಾನಿನದು, ರೊಕ್ಕ ಮತ್ತ ಟ್ರೇನಿಂಗ್ ಹಾಕಿದ್ರ ಕರಗ್ತೈತಿ. ಇನ್ನೊಂದು ಎಚ್ಚರದ್ದು, ಹೃದಯ, ಫಿಟ್ಸ್, ತಲಿಗೆ ಪೆಟ್ಟು ಬಿದ್ದು ಎಚ್ಚರ ತಪ್ಪೂದು, ಇವಕ್ಕ ಎರಡನೇ ಮನಶ್ಯಾನ ಬಿಟ್ರ ಬ್ಯಾರೆ ಸ್ಪೇರ್ ಇಲ್ಲ. ವೇಟ್ (ಮುಣಗಾಕ ಸೊಂಟಕ್ಕ ಕಟ್ಟೋ ಭಾರ) ಬಿಚ್ಚಿ ಮ್ಯಾಲೆ ತರಾಂವ, ಮುಖ ನೀರಿನ ಮ್ಯಾಲೆ ಹಿಡಿಯಾಂವ, ಬೋಟ್‌ನ್ಯಾಗ ಆಕ್ಸಿಜನ್ ಕೊಡಾಂವ (ಇಲ್ಲಿ ಮಾತ್ರ ಖರೇನ ಆಕ್ಸಿಜನ್). ಇಪ್ಪತ್ತೆಂಟರ ಆರೋಗ್ಯವಂತ ಹುಡುಗ ಇದ ಪ್ರಶ್ನಿ ಕೇಳಿದ್ರ ಎರಡನೇ ರಾಶಿ ಸಣ್ಣದು, ನಾನು ಬ್ಯಾರೆ ಉತ್ತರ ಕೊಡ್ತಿದ್ನೇನೋ. 46, ಬಿಪಿ, ಚಹಾ ಜೋಡಿ ದಿನಾ ಮಿರ್ಚಿ, ಅಂವಗ ಆ ರಾಶಿ ಸಣ್ಣದಲ್ಲ.

ಈಗ ಕ್ವಾರಿ. ಇದರ ಬಗ್ಗೆ ನನಗ ಡೌಟ್ ಇರಲಿಲ್ಲ ಆದ್ರೂ ಲೆಕ್ಕ ಹಾಕಿದ್ವಿ. ದೋಸ್ತನ ಮಾತು ಏನಂದ್ರ ತೆರಿ ಇಲ್ಲ, ಸೆಳವಿಲ್ಲ, ಬೋಟ್ ಬಾಡಿಗಿ ಇಲ್ಲ, ಮನಿಯಿಂದ ಅರ್ಧ ತಾಸು, ಬಾವ್ಯಾಗ ಈಸಿದಾಂವಗ ಇದೇನು ಮಹಾ. ನೀರು ನಿಂತದ್ದು ಅಂತ ಅದು ಸುಲಭ ಅನಸ್ತೈತಿ. ನಾವಿಬ್ರೂ ಒಂದ್ಸಲ ದಂಡಿಗೆ ಹೋಗಿ ನಿಂತು ನೋಡಿದ್ವಿ, ಹಸರು ನೀರು, ಬಿಳಿ ಬಟ್ಟಿ ಕಟ್ಟಿದ ಕಲ್ಲು ಹಗ್ಗದಾಗ ಇಳಿಬಿಟ್ರ ಎರಡು ಮಾರಿಗೆ ಬಟ್ಟಿ ಕಾಣೂದು ಬಂದ್. ಕೆಳಗ ಕಲ್ಲಿನ ಹುಡಿ, ಒಮ್ಮಿ ಫಿನ್ ಬಡದ್ರ ಅದೂ ಕಾಣೂದಿಲ್ಲ. ದಂಡ್ಯಾಗನ ಕ್ರೇನಿನ ಹಳೇ ತಂತಿ ಹಗ್ಗ ಒಂದು ನೀರೊಳಗ ಇಳದು ಹೋಗಿತ್ತು, ಅದರ ತುದಿ ಎಲ್ಲೈತಿ ಯಾರಿಗ್ಗೊತ್ತು, ಜಾಲಿ ಕಂಟಿ ಮುಣಗಿದ್ದು ಬ್ಯಾರೆ. ಮೂರು ಕಡೆ ಗ್ವಾಡಿಯಂಗ ನೆಟ್ಟಗ ಕಡದ ಕಲ್ಲು, ಹತ್ತಾಕ ಇರೂದು ಒಂದ ಕಡೆ, ಸಿಲಿಂಡರ್ ಹೊತ್ಕೊಂಡು ಅಲ್ಲೀತನಕ ಈಸಿ ಬರಬೇಕು. ಫೋನಿಗೆ ಒಂದು ಕಡ್ಡಿ ಸಿಗ್ನಲ್, ಅದೂ ಮ್ಯಾಲಿನ ದಿಬ್ಬದ ಮ್ಯಾಲೆ. ಮಾಲೀಕರ ಪರ್ಮಿಷನ್ ಮಾತು ಬಿಡ್ರಿ, ಅಂವ ಕೇಳ ಇರಲಿಲ್ಲ.

ಎರಡು ಟೆಕ್ನಿಕಲ್ ವಿಷಯ ಅಂವಗ ಹೊಸಾವು. ನಮ್ಮ ಹುಬ್ಬಳ್ಳಿ ಸಮುದ್ರಮಟ್ಟದಿಂದ 670 ಮೀಟರ್ ಹತ್ರ ಎತ್ತರದಾಗೈತಿ, ಧಾರವಾಡ ಇನ್ನೂ ಮ್ಯಾಲೆ. ಡೈವಿಂಗ್‌ನ್ಯಾಗ 300 ಮೀಟರ್ ದಾಟಿದ್ರ ಅದು ಆಲ್ಟಿಟ್ಯೂಡ್ ಡೈವ್ ಅಂತ ಲೆಕ್ಕ, ಎಷ್ಟು ಆಳದಾಗ ಎಷ್ಟೊತ್ತು ಇರಬಹುದು ಅನ್ನೋ ಸಮುದ್ರದ ಟೇಬಲ್ ಹಂಗ ನಡಿಯಾಂಗಿಲ್ಲ, ಯಾಕಂದ್ರ ಇಲ್ಲಿ ಗಾಳಿ ಒತ್ತಡನ 0.93 ಬಾರ್ ಆಸುಪಾಸು. ಕಂಪ್ಯೂಟರ್ ಇದನ್ನ ಸರಿ ಮಾಡ್ಕೊಂತೈತಿ, ಇದು ದೊಡ್ಡ ರಿಸ್ಕ್ ಅಲ್ಲ, ಗೊತ್ತಿರಬೇಕು ಅಷ್ಟ. ಎರಡನೇದು ವೇಟ್. ಉಪ್ಪುನೀರು ಸಿಹಿನೀರಿಗಿಂತ ಎರಡೂವರೆ ಪರ್ಸೆಂಟ್ ಜಡ, ಅಂದ್ರ ಮನಶ್ಯಾ ಪ್ಲಸ್ ಸಾಮಾನು ಕೂಡಿ 100 ಕೆಜಿ ಇದ್ರ ನೇತ್ರಾಣ್ಯಾಗ ಹಾಕ್ಕೊಳ್ಳೋ ವೇಟ್‌ಗಿಂತ ಕ್ವಾರ್ಯಾಗ ಎರಡೂವರೆ ಕೆಜಿ ಕಮ್ಮಿ ಹಾಕ್ಕೋಬೇಕು. ಅಂವ ನೇತ್ರಾಣಿ ಬೆಲ್ಟ್ ಹಂಗ ಹಾಕ್ಕೊಂಡು ಇಳಿಯಾಂವ ಇದ್ದ, ಹಂಗ ಇಳದ್ರ ನೆಟ್ಟಗ ತಳದ ರಾಡ್ಯಾಗ ಹೋಗಿ ಕುಂದರೂದು, ಆಮ್ಯಾಲೆ ಏನೂ ಕಾಣದ ಜಾಗಾದಾಗ ತಂತಿ, ಕಂಟಿ, ಒಬ್ಬನ.

ಲಾಭದ ಕಡೆ ಬರಿಯಾಕ ಕುಂತ್ರ ಕ್ವಾರ್ಯಾಗ ನುಡಿಬ್ರ್ಯಾಂಕ್ ಒಂದೂ ಇಲ್ಲ, ಅವು ಉಪ್ಪುನೀರಿನ ಪ್ರಾಣಿ. ಬರೇ ಬಾಯನ್ಸಿ (ಮುಣಗದ, ತೇಲದ ನೀರಾಗ ನಿಲ್ಲೂದು) ಪ್ರಾಕ್ಟೀಸ್, ಅದನ್ನ ಪರ್ಮಿಷನ್ ತಗೊಂಡು ಸ್ವಿಮ್ಮಿಂಗ್ ಪೂಲ್‌ನ್ಯಾಗ ಮಾಡಬಹುದು, ದಂಡಿಗೆ ಲೈಫ್‌ಗಾರ್ಡ್ ಇರ್ತಾನ. ಇದು ದೋಸ್ತಗೂ ಪಟ್ಟಾತು.

ಮೂರನೇ ವಿಷಯ ನಮ್ಮ ಕಡಿಯಾರು ಯಾರೂ ಲೆಕ್ಕಕ್ಕ ಹಿಡಿಯಾಂಗಿಲ್ಲ, ಘಟ್ಟ. ಡೈವ್ ಮುಗಿಸಿ ಅದ ಸಂಜಿ ಗಾಡಿ ಹತ್ತಿ ಊರಿಗೆ ಬರೂದು ದೋಸ್ತನ ರೂಢಿ, ಅಂಗಡಿ ಸೋಮವಾರ ತಗೀಬೇಕು ನೋಡ್ರಿ. ಡೈವ್ ಆದ ಮ್ಯಾಲೆ ವಿಮಾನ ಹತ್ತಾಕ ಒಂದು ಡೈವ್‌ಗೆ 12 ತಾಸು, ಬಾಳ ಡೈವ್ ಆಗಿದ್ರ 18 ತಾಸು ಕಾಯ್ರಿ ಅಂತ ಹೇಳ್ತಾರ, ರಕ್ತದಾಗ ಕರಗಿದ ನೈಟ್ರೋಜನ್ ಒತ್ತಡ ಕಮ್ಮಿ ಆದ್ರ ಗುಳ್ಳಿ ಆಗಬಾರದು ಅಂತ. ಆ ಮಾತು 2000 ಅಡಿಯಿಂದ ಮ್ಯಾಲಿನ ಎತ್ತರಕ್ಕ ಅನ್ವಯ ಆಗ್ತೈತಿ. ಹುಬ್ಬಳ್ಳಿ 2200 ಅಡಿ ಹತ್ರ. ಅಂಕೋಲಾದಿಂದ ಅರಬೈಲ್ ಘಾಟ್ ಹತ್ತಲಿ, ಕುಮಟಾದಿಂದ ದೇವಿಮನೆ ಹತ್ತಲಿ, ಡೈವ್ ಆದ ನಾಕೈದು ತಾಸಿಗೆ ಆ ಗೆರಿ ಹತ್ರ ಬಂದಿರ್ತಾನ. ಆ ಗುಳ್ಳಿಯಿಂದ ಆಗೋ ಡಿಕಂಪ್ರೆಷನ್ ತೊಂದ್ರಿ ಬಂದ್ರ ಹೆಚ್ಚಾಗಿ ಮದಲಿನ ಕೆಲ ತಾಸಿನ್ಯಾಗನ ಕಾಣಸ್ತೈತಿ, ಕೀಲು ನೋವು, ಕೈ ಜುಮುಜುಮು, ತಲಿ ತಿರುಗೂದು, ಆ ಹೊತ್ತಿಗೆ ಅಂವ ಕಾಡ ನಡುವ ಒಬ್ಬನ ಸ್ಟೀರಿಂಗ್ ಹಿಡ್ಕೊಂಡು ಇರ್ತಾನ, ಹುಡುಗಾಟ ಏನಿದು. ಒಬ್ಬನ ಡೈವ್ ಅಂದ್ರ ನೀರಾಗಿಂದ ಎದ್ದು ಬಂದ ಮ್ಯಾಲೂ ಒಬ್ಬನ, ಇದನ್ನ ಅಂವ ಎಂದೂ ವಿಚಾರ ಮಾಡಿರಲಿಲ್ಲ, ಅಲ್ಲಿಂದ ಮುಂದ ರಾತ್ರಿ ಮುರ್ಡೇಶ್ವರದಾಗ ವಸ್ತಿ ಅಂತ ತಾನ ಹೇಳಿದ.

ಮನ್ಯಾಗಿನ ಮಾತು ಜಾಸ್ತಿ ಬರಿಯಾಂಗಿಲ್ಲ. ಹೆಂಡ್ತಿಗೆ ಕ್ವಾರಿ ವಿಷಯ ಹೇಳಿರಲಿಲ್ಲ, ಪ್ರಾಕ್ಟೀಸ್ ಅಂದಿದ್ದ ಅಷ್ಟ. ನಾನು ಒಂದ ಕೇಳಿದೆ, ಎಷ್ಟೊತ್ತಿಗೆ ಬರ್ತಿ, ಬರದಿದ್ರ ಯಾರು ಯಾವ ದಂಡಿಗೆ ಬಂದು ನೋಡಬೇಕು ಅಂತ ಒಬ್ಬರಿಗೂ ಹೇಳದ ಹೋಗೂದು ಯಾವ ಸೋಲೋ ಕೋರ್ಸ್‌ನ್ಯಾಗ ಕಲಸ್ತಾರ? ಇನ್ಶೂರೆನ್ಸ್ ಪಾಲಿಸಿನೂ ತಗಸಿ ನೋಡಿದ್ವಿ, ಬಹಳಷ್ಟು ಪಾಲಿಸಿಯಂಗ ಅದರಾಗೂ ಸಾಹಸ ಕ್ರೀಡಿಗೆ ರಕ್ಷಣಿ ಇಲ್ಲ ಅಂತ ಸಣ್ಣ ಅಕ್ಷರದಾಗ ಇತ್ತು, ಇಬ್ಬರ ಮಕ್ಕಳ ಫೀ ಅಂವನ ಒಂದ ಅಂಗಡಿ ಮ್ಯಾಲೆ.

ನನ್ನ ತೀರ್ಮಾನ ಬರದು ಕೊಟ್ಟೆ. ಕ್ವಾರಿ ಪೂರಾ ಬಂದ್, ಅಲ್ಲಿ ಇಬ್ಬರು ಇಳಿಯೂದಿದ್ರೂ ದಂಡಿ ಮ್ಯಾಲೆ ಹಗ್ಗ ಹಿಡ್ಕೊಂಡು ಮೂರನೇದಾಂವ ಬೇಕು. ನೇತ್ರಾಣ್ಯಾಗ ಪೂರಾ ಒಬ್ಬನ ಅನ್ನೂದು ಈ ವಯಸ್ಸಿಗೆ, ಈ ಬಿಪಿಗೆ ಬ್ಯಾಡ, ಇದು ನನ್ನ ಅಭಿಪ್ರಾಯ, ಕಾನೂನಲ್ಲ. ಆದ್ರ ಅಂವಗ ಬೇಕಾಗಿದ್ದು ಒಂಟಿತನ ಅಲ್ಲ, ಕಲ್ಲಿನ ಮುಂದ ಇಪ್ಪತ್ತು ನಿಮಿಷ. ಅದಕ್ಕ ಜಾಸ್ತಿ ರೊಕ್ಕ ಕೊಟ್ಟು ತನಗ ಅಂತ ಒಬ್ಬ ಗೈಡ್ ತಗೊಳ್ಳೂದು, ಅಂವ ನಾಕೈದು ಮೀಟರ್ ದೂರ ಸುಮ್ನ ಇರಬೇಕು, ಮುಂದ ಹೋಗು ಅನ್ನಬಾರದು, ಫೋಟೋದಾಗ ಬರಬಾರದು, ಕಣ್ಣು ಮಾತ್ರ ಇವನ ಗುಳ್ಳಿ ಮ್ಯಾಲೆ ಇರಬೇಕು. ಪೋನಿ ಬಾಟಲ್ ಹಂಗೂ ತಗೋಬೇಕು, ಸೆಲ್ಫ್ ರಿಲಯಂಟ್ ಕೋರ್ಸ್ ಹಂಗೂ ಮಾಡಬೇಕು, ಯಾಕಂದ್ರ ಅದರಾಗ ಕಲಿಯೋ ಗಾಳಿ ಲೆಕ್ಕ, ಬಾಟಲ್ ಬದಲಾಯಿಸೂದು, ಮಾರ್ಕರ್ ಬಿಡೂದು ಗೈಡ್ ಇದ್ರೂ ಕೆಲಸಕ್ಕ ಬರ್ತಾವು. ಹೃದಯದ ಡಾಕ್ಟರ್ ಹತ್ರ ಎಕೋ, ಸ್ಟ್ರೆಸ್ ಟೆಸ್ಟ್ ಮಾಡಿಸಿ, ಸ್ಕೂಬಾಕ್ಕ ಅಂತ ಬಾಯಿಬಿಟ್ಟು ಹೇಳಿ ಕೇಳಬೇಕು, ಬರೇ ವ್ಯಾಯಾಮಕ್ಕ ಅಂತ ಕೇಳಬಾರದು.

ದೋಸ್ತ ತಕರಾರು ತಗದದ್ದು ರೊಕ್ಕಕ್ಕ. ಪ್ರತಿ ಟ್ರಿಪ್‌ಗೆ ಗೈಡ್‌ಗ ಕೊಡೂದರಾಗ ಎರಡು ಸೀಸನ್‌ನ್ಯಾಗ ಹೊಸ ಲೆನ್ಸ್ ಬರ್ತೈತಿ ಅಂದ. ಅದು ಖರೇನ ಇದ್ದೀತು. ಒಂದು ದಿನ ಬಿಟ್ಟು ಫೋನ್ ಮಾಡಿ ಗೈಡ್‌ಗ ಒಪ್ಪಿದ, ಆದ್ರ ಸ್ಟ್ರೆಸ್ ಟೆಸ್ಟ್ ಪೂರಾ ಕ್ಲಿಯರ್ ಬಂದ್ರ ಸೋಲೋ ಮಾತು ಮತ್ತ ತಗೀತೀನಿ ಅಂತ ಷರತ್ತು ಹಾಕ್ಯಾನ, ನಾನು ಆಗ ನೋಡೂಣು ಅಂದೀನಿ. ಸದ್ಯಕ್ಕ ಅಂವನ ಸಿಲಿಂಡರ್ ಮ್ಯಾಲೆ ಪಂಚ್ ಆದ ಹೈಡ್ರೋ ಟೆಸ್ಟ್ (ಸಿಲಿಂಡರ್ ಒತ್ತಡ ತಡೀತೈತೋ ಅಂತ ನೋಡೋ ಪರೀಕ್ಷೆ) ತಾರೀಖು ನೋಡಿದ್ವಿ, ಐದು ವರ್ಷ ಎಂದೋ ದಾಟೇತಿ, ಮಾರಿದಾಂವ ಹೇಳಿರಲಿಲ್ಲ, ಟೆಸ್ಟ್ ಆಗೂತನಾ ಅದರಾಗ ಗಾಳಿ ತುಂಬಸೂದಂತೂ ಇಲ್ಲ. ಮಳಿಗಾಲ ಮುಗದು ಬೋಟ್ ಶುರು ಆಗೂದರೊಳಗ ಅದನ್ನ ಮಾಡಿಸ್ಬೇಕು, ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ ಐತಿ.